ದೋಷಶೋಧನೆ ಮತ್ತು ವಾಕ್ಯಾನುಕ್ರಮ: ಸ್ಪರ್ಧಾತ್ಮಕ ಪರೀಕ್ಷೆಗಳ ಇಂಗ್ಲಿಷ್ ಅಭ್ಯಾಸವನ್ನು ಕುರಿತು ಉಡುಪಿ ಪರಿಸರದಿಂದ ಒಂದು ವಿಮರ್ಶೆ

ಸಾರಾಂಶ

ಬ್ಯಾಂಕು ಮತ್ತು ಕೇಂದ್ರ ಸರ್ಕಾರಿ ಹುದ್ದೆಗಳ ಪರೀಕ್ಷೆಗಳಿಗಾಗಿ ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳಗಳಲ್ಲಿ ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಬಳಸುವ ಎರಡು ಬಗೆಯ ಇಂಗ್ಲಿಷ್ ಪ್ರಶ್ನೆಗಳನ್ನು, ಎಂದರೆ ವ್ಯಾಕರಣದೋಷವನ್ನು ಗುರುತಿಸುವ ಮತ್ತು ವಾಕ್ಯಗಳನ್ನು ಕ್ರಮಗೊಳಿಸುವ ಪ್ರಶ್ನೆಗಳನ್ನು, ಈ ಲೇಖನವು ಪರಿಶೀಲಿಸುತ್ತದೆ. ದೋಷಶೋಧನೆಯ ಅಭ್ಯಾಸವು ಸ್ವರೂಪದಲ್ಲಿ ಭಿನ್ನವಾದ ಮೂರು ಸಂಗತಿಗಳನ್ನು ‘ತಪ್ಪು’ ಎಂಬ ಒಂದೇ ಹೆಸರಿನಲ್ಲಿ ಕಲಸುತ್ತದೆ. ವಾಕ್ಯಾನುಕ್ರಮದ ಅಭ್ಯಾಸವು ಪಠ್ಯವನ್ನು ಓದುವ ಬದಲು ಆಯ್ಕೆಗಳನ್ನು ತಳ್ಳಿಹಾಕುವುದನ್ನು ಕಲಿಸುತ್ತದೆ. ಇವೆರಡೂ ವಿದ್ಯಾರ್ಥಿಗಳ ತುಳು ಮತ್ತು ಕನ್ನಡದ ಜ್ಞಾನವನ್ನು ಅಡ್ಡಿಯೆಂದು ಮಾತ್ರ ಎಣಿಸುತ್ತವೆ ಎಂಬುದು ನಮ್ಮ ವಾದ. ಭಾರತೀಯ ವಾಕ್ಯಮೀಮಾಂಸೆಯ ‘ಆಕಾಂಕ್ಷೆ’ ಎಂಬ ಪರಿಕಲ್ಪನೆಯನ್ನು ಬೋಧನೆಯ ಸಾಧನವಾಗಿ ಬಳಸಬಹುದೆಂದು ಲೇಖನದ ಕೊನೆಯ ಭಾಗದಲ್ಲಿ ಸೂಚಿಸಿದ್ದೇವೆ.

ಕೀಲಿಪದಗಳು: ದೋಷವಿಶ್ಲೇಷಣೆ, ಸಂಸಕ್ತಿ, ಕರಾವಳಿ ಕನ್ನಡ, ತುಳು, ಭಾಷಾಪರೀಕ್ಷೆ, ಆಕಾಂಕ್ಷೆ

1. ಪೀಠಿಕೆ

ಸ್ಪರ್ಧಾತ್ಮಕ ಪರೀಕ್ಷೆಗಳ ಇಂಗ್ಲಿಷ್ ವಿಭಾಗದಲ್ಲಿ ಎರಡು ಬಗೆಯ ಪ್ರಶ್ನೆಗಳು ಬಹುಕಾಲದಿಂದ ಉಳಿದುಕೊಂಡು ಬಂದಿವೆ. ಮೊದಲನೆಯದರಲ್ಲಿ ಒಂದು ವಾಕ್ಯವನ್ನು ಮೂರು ನಾಲ್ಕು ತುಂಡುಗಳಾಗಿ ಒಡೆದು, ವ್ಯಾಕರಣದೋಷವು ಯಾವ ತುಂಡಿನಲ್ಲಿದೆ ಎಂದು ಕೇಳಲಾಗುತ್ತದೆ. ‘ದೋಷವಿಲ್ಲ’ ಎಂಬುದೂ ಒಂದು ಆಯ್ಕೆಯಾಗಿರುತ್ತದೆ. ಎರಡನೆಯದರಲ್ಲಿ ಒಂದು ಖಂಡಿಕೆಯ ವಾಕ್ಯಗಳನ್ನು ಕ್ರಮ ತಪ್ಪಿಸಿ ಕೊಟ್ಟು, ಅವುಗಳನ್ನು ಮರಳಿ ಜೋಡಿಸಲು ಹೇಳಲಾಗುತ್ತದೆ. ಪರೀಕ್ಷಾರ್ಥಿಗಳ ಆಡುಮಾತಿನಲ್ಲಿ ಇವು ‘ಎರರ್ ಸ್ಪಾಟಿಂಗ್’ ಮತ್ತು ‘ಪ್ಯಾರಾ ಜಂಬಲ್’ ಎಂದೇ ಪ್ರಸಿದ್ಧ. ಪ್ರಸ್ತುತ ಲೇಖನದಲ್ಲಿ ಇವುಗಳನ್ನು ಕ್ರಮವಾಗಿ ದೋಷಶೋಧನೆ ಮತ್ತು ವಾಕ್ಯಾನುಕ್ರಮ ಎಂದು ಕರೆದಿದ್ದೇವೆ.

ಈ ಪ್ರಶ್ನೆಗಳ ಬಗ್ಗೆ ಅಭ್ಯಾಸ ಪುಸ್ತಕಗಳು ಹೇರಳವಾಗಿವೆ. ಭಾಷಾವೈಜ್ಞಾನಿಕ ಚರ್ಚೆ ವಿರಳ. ಇಂತಹ ಪುಸ್ತಕಗಳು ನಮ್ಮ ಗಮನಕ್ಕೆ ಅರ್ಹವಲ್ಲವೆಂಬ ಭಾವನೆ ವಿದ್ವತ್ ವಲಯದಲ್ಲಿ ಇದ್ದಂತೆ ತೋರುತ್ತದೆ. ಆದರೆ ನಮ್ಮ ನಾಡಿನ ಬಹುಪಾಲು ಪದವೀಧರರು ವ್ಯಾಕರಣವೆಂಬುದನ್ನು ಕೊನೆಯ ಬಾರಿಗೆ, ಅತ್ಯಂತ ಏಕಾಗ್ರತೆಯಿಂದ ಓದುವುದು ಈ ಪುಸ್ತಕಗಳಲ್ಲಿಯೇ. ಭಾಷೆ ಎಂದರೇನು, ತಪ್ಪು ಎಂದರೇನು, ತಮ್ಮ ಮನೆಮಾತಿನ ಸ್ಥಾನವೇನು ಎಂಬ ಅವರ ತಿಳಿವಳಿಕೆ ರೂಪುಗೊಳ್ಳುವುದೂ ಇಲ್ಲಿಯೇ. ಈ ಕಾರಣದಿಂದ ಅವುಗಳ ವಿಮರ್ಶೆ ನಮ್ಮ ಶಾಸ್ತ್ರದ ಹೊಣೆಗೆ ಸೇರಿದ್ದೆಂದು ಭಾವಿಸುತ್ತೇವೆ.

ದೋಷಗಳನ್ನು ಗುರುತಿಸಿ ತಿದ್ದುವ ಕ್ರಮ ಕನ್ನಡಕ್ಕೆ ಹೊಸದಲ್ಲ. ಉಪಲಬ್ಧ ಕನ್ನಡ ಕೃತಿಗಳಲ್ಲಿ ಮೊದಲನೆಯದಾದ 9ನೆಯ ಶತಮಾನದ ‘ಕವಿರಾಜಮಾರ್ಗ’ದ ಪ್ರಥಮ ಪರಿಚ್ಛೇದವು ದೋಷಯುಕ್ತ ಪದ್ಯಗಳನ್ನು ಕೊಟ್ಟು, ಅವುಗಳ ತಿದ್ದಿದ ರೂಪವನ್ನೂ ತೋರಿಸುತ್ತದೆ. ಅದೇ ಗ್ರಂಥಕ್ಕೆ ಇನ್ನೊಂದು ಅರಿವೂ ಇತ್ತು: ದೇಸಿಗಳು ಹಲವಾಗಿರುವ ನಾಡಿನಲ್ಲಿ ದೋಷಗಳ ಲೆಕ್ಕ ಸರ್ಪರಾಜ ವಾಸುಕಿಯ ಪಾಲಿಗೂ ಮುಗಿಯುವಂಥದಲ್ಲ. ದೋಷವನ್ನು ಹೇಳುವವನು ಯಾವ ದೇಸಿಯ ಅಳತೆಗೋಲಿನಿಂದ ಅಳೆಯುತ್ತಿದ್ದೇನೆಂದು ತಿಳಿದಿರಬೇಕೆಂಬ ಈ ಎಚ್ಚರವು ಇಂದಿನ ಅಭ್ಯಾಸ ಪುಸ್ತಕಗಳಲ್ಲಿ ಇದೆಯೇ ಎಂಬುದು ನಮ್ಮ ಮೊದಲ ಪ್ರಶ್ನೆ.

2. ಸಂದರ್ಭ: ಬ್ಯಾಂಕುಗಳ ಕರಾವಳಿ

ಈ ಚರ್ಚೆಗೆ ಉಡುಪಿ ಪರಿಸರವನ್ನು ಆರಿಸಿಕೊಳ್ಳಲು ಕಾರಣವಿದೆ. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದರು. 1925ರಲ್ಲಿ ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವರು ಇದೇ ಊರಿನಲ್ಲಿ ಆರಂಭಿಸಿದ ಸಂಸ್ಥೆ ಸಿಂಡಿಕೇಟ್ ಬ್ಯಾಂಕ್ ಆಗಿ ಬೆಳೆದು ಮಣಿಪಾಲವನ್ನು ಕೇಂದ್ರವಾಗಿಸಿಕೊಂಡಿತು. ಮೊದಲನೆಯದು 1980ರಲ್ಲಿ, ಎರಡನೆಯದು 1969ರಲ್ಲಿ ರಾಷ್ಟ್ರೀಕರಣಗೊಂಡವು. 2020ರ ಏಪ್ರಿಲ್ 1ರಂದು ಅವು ಕ್ರಮವಾಗಿ ಯೂನಿಯನ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳಲ್ಲಿ ವಿಲೀನವಾದವು. ಬ್ಯಾಂಕಿನ ಉದ್ಯೋಗವೆಂಬುದು ಈ ಜಿಲ್ಲೆಯ ಮಧ್ಯಮ ವರ್ಗದ ಮನೆಗಳಲ್ಲಿ ಎರಡು ಮೂರು ತಲೆಮಾರುಗಳಿಂದ ಬಂದ ನಿರೀಕ್ಷೆ. ಹೆಸರುಗಳು ಅಳಿಸಿದರೂ ನಿರೀಕ್ಷೆ ಅಳಿಸಿಲ್ಲ.

ಬದಲಾದದ್ದು ಪ್ರವೇಶದ್ವಾರ. 2011ರಲ್ಲಿ ಬ್ಯಾಂಕಿಂಗ್ ಸಿಬ್ಬಂದಿ ಆಯ್ಕೆ ಸಂಸ್ಥೆಯ ಸಾಮಾನ್ಯ ಲಿಖಿತ ಪರೀಕ್ಷೆ ಆರಂಭವಾದ ಮೇಲೆ ಸಾರ್ವಜನಿಕ ವಲಯದ ಬಹುತೇಕ ಬ್ಯಾಂಕುಗಳ ನೇಮಕಾತಿ ಒಂದೇ ಪರೀಕ್ಷೆಯ ಮೂಲಕ ನಡೆಯತೊಡಗಿತು. ಅದರ ಪೂರ್ವಭಾವಿ ಹಂತದಲ್ಲಿ ಇಂಗ್ಲಿಷ್ ಭಾಷೆಗೆ 30 ಪ್ರಶ್ನೆಗಳು, 20 ನಿಮಿಷಗಳು. ಎಂದರೆ ಪ್ರಶ್ನೆಯೊಂದಕ್ಕೆ 40 ಸೆಕೆಂಡು. ಪ್ರತಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲುಭಾಗ ಕಳೆಯುತ್ತದೆ. ಪ್ರತಿಯೊಂದು ವಿಭಾಗದಲ್ಲಿಯೂ ಪ್ರತ್ಯೇಕವಾಗಿ ಕನಿಷ್ಠ ಅಂಕ ಪಡೆಯಬೇಕು. ಗಣಿತದಲ್ಲಿ ಎಷ್ಟೇ ಮುಂದಿದ್ದರೂ ಇಂಗ್ಲಿಷಿನಲ್ಲಿ ಕಡಿಮೆಯಾದರೆ ಪರೀಕ್ಷಾರ್ಥಿ ಅಲ್ಲಿಗೇ ಉಳಿಯುತ್ತಾನೆ. ಸಿಬ್ಬಂದಿ ನೇಮಕಾತಿ ಆಯೋಗದ ಪದವಿ ಮಟ್ಟದ ಪರೀಕ್ಷೆಯ ಮೊದಲ ಹಂತದಲ್ಲಿಯೂ ಇಂಗ್ಲಿಷಿಗೆ 25 ಪ್ರಶ್ನೆಗಳು, 50 ಅಂಕಗಳು. ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ.

2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯವು ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಹುದ್ದೆಗಳ ಪರೀಕ್ಷೆಯನ್ನು ಇಂಗ್ಲಿಷ್ ಮತ್ತು ಹಿಂದಿಗಳೊಡನೆ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು ನಿರ್ಧರಿಸಿತು. ಇದು ಸ್ವಾಗತಾರ್ಹ ಕ್ರಮ. ಆದರೆ ಇಂಗ್ಲಿಷ್ ಭಾಷೆಯ ವಿಭಾಗ ಸಹಜವಾಗಿಯೇ ಇಂಗ್ಲಿಷಿನಲ್ಲಿ ಉಳಿಯಿತು. ಇದರ ಫಲವಾಗಿ ಕನ್ನಡ ಮಾಧ್ಯಮದ ಪರೀಕ್ಷಾರ್ಥಿಗೆ ಭಾಷೆಯ ಅಡಚಣೆಯೆಲ್ಲ ಆ 30 ಪ್ರಶ್ನೆಗಳಲ್ಲಿ ಸಾಂದ್ರಗೊಂಡಿದೆ. ಒಂದು ತಪ್ಪನ್ನು ಗುರುತಿಸುವ ಅಥವಾ ನಾಲ್ಕು ವಾಕ್ಯಗಳನ್ನು ಜೋಡಿಸುವ ಪ್ರಶ್ನೆಗೆ ಇಂದು ಇರುವ ತೂಕ ಇಷ್ಟು.

ಇನ್ನು ಈ ಪರೀಕ್ಷಾರ್ಥಿಯ ಭಾಷಾಜೀವನ. ಕಾಪುವಿನ ಮೀನುಗಾರ ಕುಟುಂಬದ ಯುವಕನೊಬ್ಬ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಕೆಲವೊಮ್ಮೆ ಕೊಂಕಣಿ ಅಥವಾ ಬ್ಯಾರಿಯನ್ನು ಬಳಸುತ್ತ ಬೆಳೆಯುತ್ತಾನೆ. ಕಾರ್ಕಳದ ಹಳ್ಳಿಯೊಂದರ ವಿದ್ಯಾರ್ಥಿನಿಗೂ ಇದೇ ಮಾತು ಅನ್ವಯಿಸುತ್ತದೆ. ಎರಡು ಮೂರು ವ್ಯಾಕರಣಗಳನ್ನು ಪ್ರಯತ್ನವಿಲ್ಲದೆ ಒಳಗಿಟ್ಟುಕೊಂಡವರು ಇವರು. ಅಭ್ಯಾಸದ ತರಗತಿಯಲ್ಲಿ ಅವರಿಗೆ ಹೇಳಲಾಗುವ ಮೊದಲ ಮಾತು ಮಾತ್ರ ‘ಮಾತೃಭಾಷೆಯಲ್ಲಿ ಯೋಚಿಸಬೇಡಿ’ ಎಂಬುದು.

3. ದೋಷಶೋಧನೆ: ಒಂದು ಹೆಸರು, ಮೂರು ಸಂಗತಿಗಳು

ಅಭ್ಯಾಸ ಪುಸ್ತಕಗಳಲ್ಲಿ ‘ತಪ್ಪು’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಬರುವ ವಾಕ್ಯಗಳನ್ನು ಪರಿಶೀಲಿಸಿದಾಗ ಅವು ಕನಿಷ್ಠ ಮೂರು ವರ್ಗಗಳಿಗೆ ಸೇರುತ್ತವೆಂಬುದು ಕಾಣುತ್ತದೆ. ಇಲ್ಲಿನ ಉದಾಹರಣೆಗಳನ್ನು ಆ ಪುಸ್ತಕಗಳ ಮಾದರಿಯಲ್ಲಿ ನಾವೇ ರಚಿಸಿಕೊಂಡಿದ್ದೇವೆ.

ಮೊದಲನೆಯದು ರಚನಾತ್ಮಕ ದೋಷ. ‘ದೇರ್ ಈಸ್ ಮೆನಿ ಬೋಟ್ಸ್ ನಿಯರ್ ದ ಲೈಟ್‌ಹೌಸ್’ ಎಂಬ ವಾಕ್ಯದಲ್ಲಿ ‘ಈಸ್’ ಬದಲಿಗೆ ‘ಆರ್’ ಬೇಕು ಎಂಬುದರಲ್ಲಿ ಮಾನಕ ಇಂಗ್ಲಿಷಿನ ಬರಹದ ಮಟ್ಟಿಗೆ ವಿವಾದವಿಲ್ಲ. ಕರಾವಳಿಯ ವಿದ್ಯಾರ್ಥಿಗೆ ಇದು ಏಕೆ ತೊಡಕಾಗುತ್ತದೆ? ಗ್ರಾಂಥಿಕ ಕನ್ನಡದಲ್ಲಿ ‘ಇದೆ’ ಮತ್ತು ‘ಇವೆ’ ಎಂಬ ವಚನಭೇದವಿದೆ. ಆದರೆ ಕರಾವಳಿ ಕನ್ನಡದ ಆಡುಮಾತು ಈ ಎರಡರ ಸ್ಥಾನದಲ್ಲಿಯೂ ‘ಉಂಟು’ ಎಂಬ ಒಂದೇ ರೂಪವನ್ನು ಬಳಸುತ್ತದೆ: ‘ದೋಣಿ ಉಂಟು’, ‘ದೋಣಿಗಳು ಉಂಟು’. ಸಂಖ್ಯಾವಾಚಕವಿದ್ದಾಗ ನಪುಂಸಕ ನಾಮಪದಕ್ಕೆ ಬಹುವಚನ ಪ್ರತ್ಯಯವೂ ಅಗತ್ಯವಲ್ಲ: ‘ಹತ್ತು ದೋಣಿ ಉಂಟು’. ಮನುಷ್ಯವಾಚಕವಾದಾಗ ಸ್ಥಿತಿ ಬೇರೆ: ‘ಹತ್ತು ಜನ ಇದ್ದಾರೆ’. ಹೀಗೆ ವಚನವನ್ನು ಕ್ರಿಯಾಪದದಲ್ಲಿ ತೋರಿಸುವ ಅಭ್ಯಾಸ ಈ ವಿದ್ಯಾರ್ಥಿಗೆ ಇಲ್ಲವೆಂದಲ್ಲ. ಮನುಷ್ಯರ ವಿಷಯದಲ್ಲಿ ಇದೆ, ವಸ್ತುಗಳ ವಿಷಯದಲ್ಲಿ ಇಲ್ಲ. ಇಂಗ್ಲಿಷ್ ಈ ಭೇದವನ್ನು ಮಾಡುವುದಿಲ್ಲವೆಂದು ಒಮ್ಮೆ ತೋರಿಸಿಕೊಟ್ಟರೆ ಸಾಕು. ನಾವು ನೋಡಿದ ಪುಸ್ತಕಗಳಲ್ಲಿ ವಿವರಣೆಯು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇರುತ್ತದೆ. ಹೋಲಿಕೆ ಇದ್ದರೆ ಅದು ಹಿಂದಿಯೊಡನೆ. ‘ಹೈ’ ಮತ್ತು ‘ಹೈಂ’ ಭೇದವನ್ನು ವಸ್ತುಗಳಿಗೂ ಪಾಲಿಸುವ ಹಿಂದಿಯ ಮೂಲಕ ಕೊಟ್ಟ ವಿವರಣೆ ‘ಉಂಟು’ ಎನ್ನುವವನ ತೊಡಕನ್ನು ಮುಟ್ಟುವುದೇ ಇಲ್ಲ.

ಎರಡನೆಯದು ಆಕರ್ಷಣೆಯಿಂದಾಗುವ ಸ್ಖಲನ. ‘ಒನ್ ಆಫ್ ದ ಬಾಯ್ಸ್ ಆರ್ ಆಬ್ಸೆಂಟ್’ ಎಂಬ ವಾಕ್ಯ ಇದರ ಮಾದರಿ. ಇಲ್ಲಿ ‘ಒನ್’ ಎಂಬ ಮುಖ್ಯಪದಕ್ಕೂ ಕ್ರಿಯಾಪದಕ್ಕೂ ನಡುವೆ ‘ಬಾಯ್ಸ್’ ಎಂಬ ಬಹುವಚನ ಬಂದು ಕ್ರಿಯಾಪದವನ್ನು ತನ್ನತ್ತ ಸೆಳೆದಿದೆ. ಇಂಗ್ಲಿಷ್ ಮಾತೃಭಾಷಿಕರೂ ವೇಗದ ಮಾತಿನಲ್ಲಿ ಹೀಗೆ ಎಡವುತ್ತಾರೆಂಬುದನ್ನು ಮನೋಭಾಷಾವಿಜ್ಞಾನಿಗಳು ಪ್ರಯೋಗಗಳ ಮೂಲಕ ತೋರಿಸಿದ್ದಾರೆ. ಬಾಕ್ ಮತ್ತು ಮಿಲ್ಲರ್ ಅವರ 1991ರ ಅಧ್ಯಯನ ಈ ದಿಸೆಯಲ್ಲಿ ಪ್ರಸಿದ್ಧ. ಕನ್ನಡದಲ್ಲಿ ‘ಹುಡುಗರಲ್ಲಿ ಒಬ್ಬನು ಬಂದಿಲ್ಲ’ ಎನ್ನುವಾಗ ಬಹುವಚನ ಮೊದಲು ಬರುತ್ತದೆ, ಮುಖ್ಯಪದ ಕ್ರಿಯಾಪದದ ಪಕ್ಕದಲ್ಲಿ ನಿಲ್ಲುತ್ತದೆ. ಮುಖ್ಯಪದ ಕೊನೆಯಲ್ಲಿ ಬರುವ ಭಾಷೆಯವನಿಗೆ ಕ್ರಿಯಾಪದದ ನೆರೆಯ ನಾಮಪದವನ್ನು ನಂಬುವುದು ಸಹಜ. ಎಸ್. ಪಿ. ಕಾರ್ಡರ್ 1967ರಲ್ಲಿಯೇ ಕಲಿಕೆಯ ಸ್ಥಿತಿಯನ್ನು ಸೂಚಿಸುವ ವ್ಯವಸ್ಥಿತ ದೋಷಕ್ಕೂ ನಿರ್ವಹಣೆಯಲ್ಲಿ ಆಗುವ ಸ್ಖಲನಕ್ಕೂ ನಡುವೆ ಗೆರೆ ಎಳೆದಿದ್ದರು. ಮೊದಲ ವರ್ಗಕ್ಕೆ ವಿವರಣೆ ಬೇಕು. ಎರಡನೆಯದಕ್ಕೆ ಗಮನ ಸಾಕು. ಅಭ್ಯಾಸ ಪುಸ್ತಕವು ಎರಡಕ್ಕೂ ನೀಡುವುದು ಒಂದೇ ಔಷಧವನ್ನು, ಕಂಠಪಾಠ ಮಾಡಬೇಕಾದ ಸಂಖ್ಯೆ ಹಾಕಿದ ನಿಯಮವನ್ನು.

ಮೂರನೆಯದು ಪ್ರಯೋಗಭೇದ. ‘ನನ್ ಆಫ್ ದೆಮ್ ವರ್ ಪ್ರೆಸೆಂಟ್’ ಎಂಬ ವಾಕ್ಯದಲ್ಲಿ ‘ವರ್’ ತಪ್ಪು, ‘ವಾಸ್’ ಸರಿ ಎಂದು ಹೇಳುವ ಅಭ್ಯಾಸ ಪುಸ್ತಕಗಳಿವೆ. ಆದರೆ ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹತ್ ವ್ಯಾಕರಣವಾಗಲಿ, ಹಡಲ್‌ಸ್ಟನ್ ಮತ್ತು ಪುಲಮ್ ಅವರ 2002ರ ವ್ಯಾಕರಣವಾಗಲಿ ಇಲ್ಲಿ ಬಹುವಚನವನ್ನು ದೋಷವೆನ್ನುವುದಿಲ್ಲ; ಎರಡೂ ರೂಪಗಳು ಬಳಕೆಯಲ್ಲಿವೆ. ‘ಡಿಸ್ಕಸ್ ಅಬೌಟ್’ ಎಂಬುದರ ಸ್ಥಿತಿ ಸ್ವಲ್ಪ ಬೇರೆ. ಬ್ರಿಟಿಷ್ ಮಾನಕದ ದೃಷ್ಟಿಯಿಂದ ಅದು ಅಗ್ರಾಹ್ಯ. ಭಾರತೀಯ ಇಂಗ್ಲಿಷಿನಲ್ಲಿ ವ್ಯಾಪಕ. ಬ್ರಜ್ ಕಚ್ರು ಅವರು ದಶಕಗಳ ಕಾಲ ವಾದಿಸಿದಂತೆ, ಇಂತಹ ಪ್ರಯೋಗಗಳನ್ನು ಕಲಿಕೆಯ ವೈಫಲ್ಯವೆಂದಲ್ಲದೆ ಒಂದು ಪ್ರಭೇದದ ಲಕ್ಷಣವೆಂದು ನೋಡಲು ಸಾಧ್ಯವಿದೆ. ಇದು ಕನ್ನಡದ ನೇರ ಅನುವಾದವೆಂಬ ಸಾಮಾನ್ಯ ವಿವರಣೆಯೂ ಅಪೂರ್ಣ: ಕನ್ನಡದಲ್ಲಿ ‘ವಿಷಯದ ಬಗ್ಗೆ ಚರ್ಚಿಸಿದರು’ ಮತ್ತು ‘ವಿಷಯವನ್ನು ಚರ್ಚಿಸಿದರು’ ಎರಡೂ ಸಾಧು.

‘ಮಾತೃಭಾಷೆಯ ಪ್ರಭಾವ’ ಎಂಬ ಈ ವಿವರಣೆ ಎಷ್ಟು ಅವಸರದ್ದೆಂಬುದಕ್ಕೆ ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬ ಪ್ರಸಿದ್ಧ ಉದಾಹರಣೆಯನ್ನೇ ನೋಡಬಹುದು. ಕನ್ನಡದಲ್ಲಿ ಇದರ ಸಮಾನ ವಾಕ್ಯ ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’. ಇಲ್ಲಿ ಒಡೆತನದ ಕ್ರಿಯಾಪದವೇ ಇಲ್ಲ, ಕರ್ತೃವಿನ ಸ್ಥಾನದಲ್ಲಿ ಚತುರ್ಥೀ ವಿಭಕ್ತಿಯಿದೆ. ‘ನನಗೆ ಹಸಿವಾಗಿದೆ’ ಎಂಬಲ್ಲಿಯೂ, ತುಳುವಿನ ‘ಎಂಕ್ ಬಡವಾಪುಂಡು’ ಎಂಬಲ್ಲಿಯೂ ಇರುವುದು ಇದೇ ರಚನೆ. ಕೊಂಕಣಿಯೂ ಅನುಭವಿಯನ್ನು ಹೀಗೆಯೇ ಗುರುತಿಸುತ್ತದೆ. ಮರ್ರೆ ಎಮೆನೊ 1956ರಲ್ಲಿ ಭಾರತವನ್ನು ಒಂದು ಭಾಷಾವಲಯವೆಂದು ಕರೆದಂದಿನಿಂದ ನಡೆದ ವಲಯಲಕ್ಷಣಗಳ ಚರ್ಚೆಯಲ್ಲಿ ಚತುರ್ಥೀ ಕರ್ತೃವಿಗೆ ಮುಖ್ಯ ಸ್ಥಾನ ದೊರೆತಿದೆ. ನೇರ ಅನುವಾದವಾಗಿದ್ದರೆ ವಿದ್ಯಾರ್ಥಿ ‘ಟು ಮಿ ಟೂ ಬ್ರದರ್ಸ್ ಆರ್’ ಎನ್ನಬೇಕಿತ್ತು. ಯಾರೂ ಹಾಗೆ ಹೇಳುವುದಿಲ್ಲ. ‘ಆ್ಯಮ್ ಹ್ಯಾವಿಂಗ್’ ಎನ್ನುವವನು ಇಂಗ್ಲಿಷಿನ ಒಂದು ನಿಯಮವನ್ನು ಕಲಿತು ಅದನ್ನು ಅಗತ್ಯಕ್ಕಿಂತ ಮುಂದಕ್ಕೆ ವಿಸ್ತರಿಸಿದ್ದಾನೆ. ಸೆಲಿಂಕರ್ 1972ರಲ್ಲಿ ಅಂತರಭಾಷೆ ಎಂದು ಕರೆದ ವ್ಯವಸ್ಥೆಯ ಗುರುತು ಇದು. ಕಲಿಕೆ ನಡೆದಿದೆ ಎಂಬುದಕ್ಕೆ ಇದೇ ಸಾಕ್ಷಿ.

ಈ ಮೂರನ್ನೂ ಬೇರ್ಪಡಿಸದಿರುವುದರ ಪರಿಣಾಮವನ್ನು ನಾವು ತರಗತಿಯಲ್ಲಿಯೇ ಕಂಡಿದ್ದೇವೆ. ಕಾರ್ಕಳದಲ್ಲಿ ಭಾನುವಾರದ ಉಚಿತ ತರಗತಿಯೊಂದರಲ್ಲಿ ಪಾಠ ಮಾಡುತ್ತಿದ್ದಾಗ ‘ನನ್ ಆಫ್ ದೆಮ್ ವರ್’ ಎಂಬುದನ್ನು ನಾವೂ ಕೀಲಿ ಉತ್ತರದಂತೆ ತಪ್ಪೆಂದೇ ಗುರುತಿಸಿದೆವು. ‘ದೋಷವಿಲ್ಲ’ ಎಂದು ಬರೆದಿದ್ದ ವಿದ್ಯಾರ್ಥಿನಿಯೊಬ್ಬಳು ತಾನು ಪತ್ರಿಕೆಯಲ್ಲಿ ಇಂತಹದೇ ವಾಕ್ಯವನ್ನು ಓದಿದ್ದಾಗಿ ಹೇಳಿದಳು. ಅವಳು ಹೇಳಿದ್ದು ಸರಿ. ಸ್ನಾತಕೋತ್ತರ ತರಗತಿಯಲ್ಲಿ ನಾವೂ ಅದನ್ನೇ ಹೇಳುತ್ತೇವೆ. ಆದರೂ ಅಂದು ಕೊಟ್ಟ ಉತ್ತರ ‘ಪರೀಕ್ಷೆಗೆ ಹೀಗೆಯೇ ಬರೆಯಿರಿ’ ಎಂಬುದಾಗಿತ್ತು. ಅವಳು ಮುಂದೆ ಪ್ರಶ್ನೆ ಕೇಳಲಿಲ್ಲ, ಪುಸ್ತಕದಲ್ಲಿ ತಿದ್ದಿಕೊಂಡಳು. ತನ್ನ ಓದಿನಿಂದ ತಾನೇ ಕಂಡುಕೊಂಡ ಒಂದು ಭಾಷಿಕ ಸತ್ಯವನ್ನು ಅಂಕದ ಭಯದಿಂದ ಅಳಿಸಿಕೊಳ್ಳಲು ನಾವೇ ಕಲಿಸಿದಂತಾಯಿತು. ಈ ಲೇಖನದ ಮೂಲ ಅಲ್ಲಿದೆ.

4. ವಾಕ್ಯಾನುಕ್ರಮ: ಓದದಿರುವುದನ್ನು ಕಲಿಸುವ ಅಭ್ಯಾಸ

ದೋಷಶೋಧನೆಗೆ ಹೋಲಿಸಿದರೆ ವಾಕ್ಯಾನುಕ್ರಮವು ತಾತ್ತ್ವಿಕವಾಗಿ ಉತ್ತಮ ಪ್ರಶ್ನೆ. ಬಿಡಿ ಅಂಶಗಳನ್ನು ಒಂದೊಂದಾಗಿ ಅಳೆಯುವ ಪರೀಕ್ಷೆಗೆ ರಾಬರ್ಟ್ ಲಾಡೋ ಅವರ 1961ರ ಗ್ರಂಥವು ಬುನಾದಿ ಹಾಕಿತು. ಅದೇ ವರ್ಷ ಜಾನ್ ಕ್ಯಾರಲ್ ಭಾಷೆಯನ್ನು ಸಮಗ್ರವಾಗಿ ಅಳೆಯುವ ಅಗತ್ಯವನ್ನು ಎತ್ತಿ ಹೇಳಿದರು. ವಾಕ್ಯಾನುಕ್ರಮವು ಎರಡನೆಯ ದಾರಿಗೆ ಹತ್ತಿರದ್ದು. ವಾಕ್ಯದ ಗಡಿಯಾಚೆಗಿನ ಸಂಬಂಧಗಳನ್ನು, ಹ್ಯಾಲಿಡೇ ಮತ್ತು ರುಕೈಯಾ ಹಸನ್ 1976ರಲ್ಲಿ ಸಂಸಕ್ತಿಯೆಂದು ಕರೆದು ನಿರ್ದೇಶ, ಪರ್ಯಾಯ, ಲೋಪ, ಸಂಯೋಜಕ ಮತ್ತು ಪದಸಂಬಂಧ ಎಂದು ಐದಾಗಿ ವಿಂಗಡಿಸಿದ ಬಂಧಗಳನ್ನು, ಅದು ಕೇಳುತ್ತದೆ. ಹಾಗಿದ್ದೂ ಅದರ ಅಭ್ಯಾಸ ಹೇಗೆ ನಡೆಯುತ್ತದೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

(ಅ) ‘ದಿಸ್ ಪ್ರಾಕ್ಟೀಸ್ ಕೇಮ್ ಟು ಬಿ ನೋನ್ ಆ್ಯಸ್ ದ ಪಿಗ್ಮಿ ಡೆಪಾಸಿಟ್.’
(ಆ) ‘ಎ ಸ್ಮಾಲ್ ಬ್ಯಾಂಕ್ ವಾಸ್ ಸ್ಟಾರ್ಟೆಡ್ ಇನ್ ಉಡುಪಿ ಇನ್ 1925.’
(ಇ) ‘ದ ಬ್ಯಾಂಕ್ ವಾಸ್ ನ್ಯಾಷನಲೈಸ್ಡ್ ಇನ್ 1969.’
(ಈ) ‘ಇಟ್ಸ್ ಏಜೆಂಟ್ಸ್ ವೆಂಟ್ ಫ್ರಮ್ ಡೋರ್ ಟು ಡೋರ್, ಕಲೆಕ್ಟಿಂಗ್ ಆ್ಯಸ್ ಲಿಟಲ್ ಆ್ಯಸ್ ಟೂ ಆನಾಸ್ ಎ ಡೇ.’

ನಿರೀಕ್ಷಿತ ಉತ್ತರ ಆ, ಈ, ಅ, ಇ. ಅಭ್ಯಾಸದಲ್ಲಿ ಕಲಿಸುವ ಉಪಾಯವಿದು: ‘ದಿಸ್’ ಇರುವ ವಾಕ್ಯದ ಹಿಂದಿನ ವಾಕ್ಯವನ್ನು ಕಂಡುಹಿಡಿಯಿರಿ, ‘ಈ’ ಮತ್ತು ‘ಅ’ ಎಂಬ ಕಡ್ಡಾಯ ಜೋಡಿ ದೊರೆಯಿತು, ಈ ಜೋಡಿ ಇರುವ ಆಯ್ಕೆ ಯಾವುದೆಂದು ನೋಡಿ, ಒಂದೇ ಇದ್ದರೆ ಗುರುತು ಹಾಕಿ ಮುಂದೆ ಹೋಗಿ. ಉಳಿದ ಎರಡು ವಾಕ್ಯಗಳನ್ನು ಓದುವ ಅಗತ್ಯವೇ ಇಲ್ಲ. 40 ಸೆಕೆಂಡುಗಳ ಒತ್ತಡದಲ್ಲಿ ಇದು ಬುದ್ಧಿವಂತಿಕೆಯ ನಡೆ, ವಿದ್ಯಾರ್ಥಿಯನ್ನು ದೂರಲಾಗದು. ಆದರೆ ಪಠ್ಯದ ಸಮಗ್ರತೆಯನ್ನು ಅಳೆಯಲೆಂದು ಹುಟ್ಟಿದ ಪ್ರಶ್ನೆ ಪಠ್ಯವನ್ನು ಓದದಿರುವ ಕೌಶಲವನ್ನು ಅಳೆಯುವ ಸ್ಥಿತಿಗೆ ಬಂದಿದೆ.

ಎರಡನೆಯ ತೊಡಕು ಉತ್ತರದ ಏಕತ್ವ. ಮೇಲಿನ ವಾಕ್ಯಗಳನ್ನು ಆ, ಇ, ಈ, ಅ ಎಂದು ಜೋಡಿಸಿದರೂ ಖಂಡಿಕೆ ಕೆಡುವುದಿಲ್ಲ: ಬ್ಯಾಂಕಿನ ಹುಟ್ಟು ಮತ್ತು ರಾಷ್ಟ್ರೀಕರಣವನ್ನು ಮೊದಲು ಹೇಳಿ, ಅದರ ವಿಶಿಷ್ಟ ಪದ್ಧತಿಯನ್ನು ನಂತರ ವಿವರಿಸುವುದು ಲೇಖಕನ ಸ್ವಾತಂತ್ರ್ಯ. ಕಾಲಾನುಕ್ರಮವೇ ಪಠ್ಯಕ್ರಮವಾಗಬೇಕೆಂಬ ನಿಯಮವಿಲ್ಲ. ಬಂಧಗಳು ಕೆಲವು ಕ್ರಮಗಳನ್ನು ತಡೆಯುತ್ತವೆಯೇ ಹೊರತು ಒಂದೇ ಕ್ರಮವನ್ನು ವಿಧಿಸುವುದಿಲ್ಲ. ಎರಡನೆಯ ಕ್ರಮವನ್ನು ಮನಸ್ಸಿನಲ್ಲಿ ಕಂಡ ವಿದ್ಯಾರ್ಥಿ, ಅದು ಆಯ್ಕೆಗಳಲ್ಲಿ ಇಲ್ಲದ್ದನ್ನು ಕಂಡು ತನ್ನ ಓದನ್ನೇ ಶಂಕಿಸುತ್ತಾನೆ.

ಮೂರನೆಯದು ನಮ್ಮ ದೃಷ್ಟಿಯಲ್ಲಿ ಮುಖ್ಯವಾದದ್ದು. ಘಟನೆಗಳ ಕ್ರಮವನ್ನು ಕನ್ನಡವು ಬಹುಮಟ್ಟಿಗೆ ವಾಕ್ಯದ ಒಳಗೇ, ಕೃದಂತಾವ್ಯಯಗಳ ಸರಪಳಿಯಿಂದ ಕಟ್ಟುತ್ತದೆ: ‘ಏಜೆಂಟರು ಮನೆಮನೆಗೆ ಹೋಗಿ, ಎರಡಾಣೆಯನ್ನು ಪಡೆದು, ಪುಸ್ತಕದಲ್ಲಿ ಬರೆದು ಹಿಂದಿರುಗುತ್ತಿದ್ದರು.’ ಇಲ್ಲಿ ‘ಹೋಗಿ’, ‘ಪಡೆದು’, ‘ಬರೆದು’ ಎಂಬ ರೂಪಗಳೇ ‘ಇನ್ನೂ ಇದೆ’ ಎಂದು ಸಾರುತ್ತವೆ. ಪೂರ್ಣಕ್ರಿಯೆ ಬಂದಾಗ ಮಾತು ಮುಗಿಯುತ್ತದೆ. ತುಳುವಿನಲ್ಲಿಯೂ ಸರಪಳಿಯ ತತ್ತ್ವ ಇದೇ. ಇಂಗ್ಲಿಷ್ ಖಂಡಿಕೆಯಲ್ಲಿ ಇದೇ ಕೆಲಸದ ದೊಡ್ಡ ಪಾಲು ವಾಕ್ಯಗಳ ನಡುವೆ, ಸರ್ವನಾಮಗಳಿಂದ ಮತ್ತು ‘ಎ’, ‘ದ’ ಎಂಬ ಪುಟ್ಟ ಉಪಪದಗಳಿಂದ ನಡೆಯುತ್ತದೆ. ಕನ್ನಡದ ಓದುಗನಿಗೆ ‘ದ ಬ್ಯಾಂಕ್’ ಎಂಬುದು ಬರಿಯ ‘ಬ್ಯಾಂಕು’. ‘ದ’ ಅವನ ಕಣ್ಣಿಗೆ ಬಿದ್ದರೂ ಅರ್ಥಕ್ಕೆ ಸೇರುವುದಿಲ್ಲ. ಕ್ರಮವನ್ನು ಸೂಚಿಸುವ ಗುರುತುಗಳು ಎಲ್ಲಿ ಇರುತ್ತವೆಂಬ ನಿರೀಕ್ಷೆಯೇ ಎರಡು ಭಾಷೆಗಳಲ್ಲಿ ಬೇರೆಯಾಗಿದೆ. ಈ ಸರಳ ಸಂಗತಿಯನ್ನು ಹೇಳಿಕೊಡುವ ಅಭ್ಯಾಸ ಪುಸ್ತಕವನ್ನು ನಾವು ಕಂಡಿಲ್ಲ.

5. ಆಕಾಂಕ್ಷೆಯ ಪ್ರಶ್ನೆ

ಪದಗಳು ವಾಕ್ಯವಾಗಲು ಆಕಾಂಕ್ಷೆ, ಯೋಗ್ಯತೆ ಮತ್ತು ಸನ್ನಿಧಿ ಎಂಬ ಮೂರು ಅಗತ್ಯವೆಂದು ಭಾರತೀಯ ಶಾಬ್ದಬೋಧ ಪರಂಪರೆ ಹೇಳುತ್ತದೆ. ‘ತಂದನು’ ಎಂದರೆ ‘ಏನನ್ನು?’ ಎಂಬ ನಿರೀಕ್ಷೆ ಹುಟ್ಟುತ್ತದೆ. ಅದನ್ನು ತುಂಬುವ ಪದ ಬಂದಾಗ ಅರ್ಥ ನಿಲ್ಲುತ್ತದೆ. ಮೀಮಾಂಸಕರು ಇದನ್ನು ವಾಕ್ಯದಾಚೆಗೂ ವಿಸ್ತರಿಸಿದರು: ತಮ್ಮಷ್ಟಕ್ಕೆ ಪೂರ್ಣವಾದ ವಾಕ್ಯಗಳೂ ಪರಸ್ಪರ ಆಕಾಂಕ್ಷೆಯಿಂದ ಸೇರಿ ಒಂದು ಮಹಾವಾಕ್ಯವಾಗುತ್ತವೆ. ಇದನ್ನು ಅವರು ವಾಕ್ಯೈಕವಾಕ್ಯತೆ ಎಂದು ಕರೆದರು.

ವಾಕ್ಯಾನುಕ್ರಮದ ಬೋಧನೆಗೆ ಇದಕ್ಕಿಂತ ನೇರವಾದ ಸಾಧನ ಬೇರೆ ಬೇಕಿಲ್ಲ. ಪ್ರತಿ ವಾಕ್ಯವನ್ನು ಓದಿದೊಡನೆ ವಿದ್ಯಾರ್ಥಿ ತನ್ನ ಭಾಷೆಯಲ್ಲಿ ಒಂದು ಪ್ರಶ್ನೆ ಹಾಕಿಕೊಳ್ಳಲಿ. ‘ದ ಬ್ಯಾಂಕ್’ ಎಂದಾಗ ‘ಯಾವ ಬ್ಯಾಂಕು?’, ‘ಇಟ್ಸ್ ಏಜೆಂಟ್ಸ್’ ಎಂದಾಗ ‘ಯಾವುದರ ಏಜೆಂಟರು?’, ‘ದಿಸ್ ಪ್ರಾಕ್ಟೀಸ್’ ಎಂದಾಗ ‘ಯಾವ ಪದ್ಧತಿ?’. ಉತ್ತರ ಯಾವ ವಾಕ್ಯದಲ್ಲಿದೆಯೋ ಅದು ಮೊದಲು ಬರಬೇಕು. ಪ್ರಶ್ನೆ ಹುಟ್ಟಿಸದ ವಾಕ್ಯ ಆರಂಭಕ್ಕೆ ಅರ್ಹ. ಕನ್ನಡದಲ್ಲಿ ‘ದ’ಗೆ ಸಮಾನವಾದ ಉಪಪದ ಇಲ್ಲವೆಂಬುದು ನಿಜವಾದರೂ, ಮೊದಲ ಪ್ರಸ್ತಾಪಕ್ಕೆ ‘ಒಂದು’, ಮರುಪ್ರಸ್ತಾಪಕ್ಕೆ ‘ಆ’ ಎಂಬ ಸಂಪ್ರದಾಯ ಪ್ರತಿಯೊಂದು ಅಜ್ಜಿಕತೆಯಲ್ಲಿಯೂ ಇದೆ: ‘ಒಂದು ಊರಿನಲ್ಲಿ ಒಬ್ಬ ರಾಜನಿದ್ದ, ಆ ರಾಜನಿಗೆ…’. ತುಳುವಿನಲ್ಲಿ ಕತೆ ಕೇಳಿ ಬೆಳೆದವರಿಗೂ ಈ ಕ್ರಮ ಅಪರಿಚಿತವಲ್ಲ. ‘ಎ’ಯಿಂದ ‘ದ’ಗೆ ಸಾಗುವ ದಾರಿ ಇದರ ಮೂಲಕ ಹಾದರೆ ವಿದ್ಯಾರ್ಥಿ ಹೊಸ ನಿಯಮ ಕಲಿಯಬೇಕಿಲ್ಲ; ತನಗೆ ಗೊತ್ತಿದ್ದುದನ್ನು ಹೊಸ ಸ್ಥಳದಲ್ಲಿ ಗುರುತಿಸಿದರೆ ಸಾಕು. ಮಾತೃಭಾಷೆಯಲ್ಲಿ ಯೋಚಿಸುವುದು ಇಲ್ಲಿ ಅಡ್ಡಿಯಲ್ಲ, ಆಸರೆ.

ದೋಷಶೋಧನೆಗೂ ಇಂತಹದೇ ಕ್ರಮ ಸಾಧ್ಯ. ಪುಸ್ತಕದ ನಿಯಮಗಳನ್ನು ಮೂರು ಪಟ್ಟಿಗಳಾಗಿ ವಿಂಗಡಿಸಬಹುದು: ಕನ್ನಡ ಅಥವಾ ತುಳುವಿನ ಹೋಲಿಕೆಯಿಂದ ವಿವರಿಸಬೇಕಾದವು, ಗಮನದ ಅಭ್ಯಾಸದಿಂದ ಸರಿಹೋಗುವವು, ಪರೀಕ್ಷೆಯ ರೂಢಿಯೆಂದು ಒಪ್ಪಿಕೊಂಡು ನೆನಪಿಡಬೇಕಾದವು. ಮೂರನೆಯ ಪಟ್ಟಿಯನ್ನು ‘ವ್ಯಾಕರಣ’ವೆಂದು ಕರೆಯದಿರುವುದೇ ಒಂದು ಪ್ರಾಮಾಣಿಕತೆ. ‘ನೋ ಸೂನರ್’ ಬಂದರೆ ‘ದ್ಯಾನ್’, ‘ಹಾರ್ಡ್ಲಿ’ ಬಂದರೆ ‘ವೆನ್’ ಎಂಬ ಜೋಡಿಗಳನ್ನು ಕನ್ನಡ ‘ಬಂದ ಕೂಡಲೇ’ ಎಂಬ ಒಂದೇ ರಚನೆಯಿಂದ ನಿರ್ವಹಿಸುತ್ತದೆ. ಇವುಗಳಿಗೆ ಆಳವಾದ ಕಾರಣ ಹುಡುಕದೆ ರೂಢಿಯೆಂದು ಹೇಳಿದರೆ ವಿದ್ಯಾರ್ಥಿಗೆ ಅರ್ಥವಾಗುತ್ತದೆ.

6. ಒಂದು ಆಕ್ಷೇಪ

ಲಕ್ಷಾಂತರ ಅಭ್ಯರ್ಥಿಗಳನ್ನು ಯಂತ್ರದ ನೆರವಿನಿಂದ ಶ್ರೇಣೀಕರಿಸಬೇಕಾದ ಪರೀಕ್ಷೆಗೆ ಒಂದೇ ಉತ್ತರವಿರುವ ಪ್ರಶ್ನೆ ಅನಿವಾರ್ಯ. ಭಾಷಾವಿಜ್ಞಾನದ ಸೂಕ್ಷ್ಮತೆಗಳಿಗೆ ಅಲ್ಲಿ ಎಡೆಯಿಲ್ಲ. ವಿದ್ಯಾರ್ಥಿಗೆ ಬೇಕಿರುವುದು ಉದ್ಯೋಗ, ಪ್ರಭೇದಗಳ ಚರ್ಚೆಯಲ್ಲ ಎಂದು ಆಕ್ಷೇಪಿಸಬಹುದು. ಈ ಆಕ್ಷೇಪದ ಕೊನೆಯ ಭಾಗವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಪರೀಕ್ಷೆಗೆ ಕುಳಿತವನಿಗೆ ಕೀಲಿ ಉತ್ತರವನ್ನು ಧಿಕ್ಕರಿಸಲು ಹೇಳುವುದು ಬೇರೆಯವರ ಅನ್ನದೊಡನೆ ಆಡುವ ಆಟವಾದೀತು.

ಆದರೆ ಒಂದೇ ಉತ್ತರವಿರಬೇಕೆಂಬ ಅಗತ್ಯವು ವಿವಾದಿತ ಪ್ರಯೋಗಗಳನ್ನು ಆರಿಸಿಕೊಳ್ಳಲು ಕಾರಣವಾಗದು. ಅವಿವಾದಿತವಾದ ರಚನಾತ್ಮಕ ಅಂಶಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ವಾಕ್ಯಾನುಕ್ರಮದಲ್ಲಿಯೂ ಪೂರ್ಣ ಕ್ರಮವನ್ನು ಕೇಳುವ ಬದಲು ‘ಇಂತಹ ವಾಕ್ಯದ ಮುಂಚೆ ಬರಲೇಬೇಕಾದ ವಾಕ್ಯ ಯಾವುದು?’ ಎಂದು ಕೇಳಿದರೆ ಉತ್ತರವೂ ಒಂದೇ, ಅದನ್ನು ಸಮರ್ಥಿಸುವ ಭಾಷಿಕ ಕಾರಣವೂ ಒಂದೇ ಆಗಿರುತ್ತದೆ. ಪ್ರಶ್ನೆಪತ್ರಿಕೆ ಬದಲಾಗದಿದ್ದರೂ ಬೋಧನೆ ಬದಲಾಗಬಹುದು. ‘ಇದು ತಪ್ಪು’ ಎನ್ನುವುದಕ್ಕೂ ‘ಇದನ್ನು ಪರೀಕ್ಷೆ ಒಪ್ಪುವುದಿಲ್ಲ’ ಎನ್ನುವುದಕ್ಕೂ ತಗಲುವ ಸಮಯದಲ್ಲಿ ಅಂತರವಿಲ್ಲ. ಕೇಳುವವನ ಆತ್ಮವಿಶ್ವಾಸದಲ್ಲಿ ಅಂತರವಿದೆ.

7. ಉಪಸಂಹಾರ

ಕನ್ನಡವನ್ನು ಸಂಸ್ಕೃತದ ಚೌಕಟ್ಟಿನಲ್ಲಿಟ್ಟು ವರ್ಣಿಸಿದ್ದರಿಂದ ಆದ ತೊಡಕುಗಳನ್ನು ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಕೃತಿಯಲ್ಲಿ ಚರ್ಚಿಸಿದರು. ಆ ವಾದದ ಎಲ್ಲ ವಿವರಗಳನ್ನು ಒಪ್ಪದವರೂ ಅದರ ಹಿಂದಿನ ಪ್ರಶ್ನೆಯನ್ನು ಇಲ್ಲಿಗೆ ತರಬಹುದು: ಕನ್ನಡ ಮತ್ತು ತುಳುವಿನ ಮಕ್ಕಳಿಗೆ ಇಂಗ್ಲಿಷನ್ನು ಕಲಿಸುವ ವ್ಯಾಕರಣ ಯಾರ ಭಾಷೆಯನ್ನು ಆಧರಿಸಿರಬೇಕು? ಉಡುಪಿಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಇದೇ ಊರಿನ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ, ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ, 1988ರಿಂದ 1997ರ ಅವಧಿಯಲ್ಲಿ ತುಳು ನಿಘಂಟಿನ ಆರು ಸಂಪುಟಗಳು ಹೊರಬಂದವು. ಒಂದು ಜಿಲ್ಲೆಯ ಮನೆಮಾತಿನ ಬಗ್ಗೆ ಇಷ್ಟು ಶ್ರದ್ಧೆಯಿಂದ ಕೆಲಸ ನಡೆದ ಊರಿನಲ್ಲಿ, ಅದೇ ಮನೆಮಾತಿನ ಯುವಕರು ತಮ್ಮ ಭಾಷೆ ಇಂಗ್ಲಿಷ್ ಕಲಿಕೆಗೆ ಶಾಪವೆಂದು ನಂಬಿಕೊಂಡು ಅಭ್ಯಾಸ ಪುಸ್ತಕದ ಮುಂದೆ ಕುಳಿತಿದ್ದಾರೆ. ಎರಡರ ನಡುವಿನ ದೂರವನ್ನು ಕ್ರಮಿಸುವುದು ಪುಸ್ತಕ ಮಾರುವವರ ಕೆಲಸವಲ್ಲ; ಅದು ಭಾಷಾವಿಜ್ಞಾನವನ್ನು ಓದಿದವರ ಕೆಲಸ.

ಇದಕ್ಕೆ ದೊಡ್ಡ ಯೋಜನೆಯೇ ಬೇಕೆಂದಿಲ್ಲ. ದೋಷಶೋಧನೆಯ ಅಭ್ಯಾಸದಲ್ಲಿ ಕರಾವಳಿಯ ವಿದ್ಯಾರ್ಥಿಗಳು ನಿಜವಾಗಿ ಎಲ್ಲಿ ಎಡವುತ್ತಾರೆ, ‘ಉಂಟು’ ಎನ್ನುವವರು ಮತ್ತು ‘ಇವೆ’ ಎನ್ನುವವರು ಒಂದೇ ಕಡೆ ಎಡವುತ್ತಾರೆಯೇ, ಆಕಾಂಕ್ಷೆಯ ಪ್ರಶ್ನೆಯನ್ನು ಕಲಿತವರು ಜೋಡಿ ಹುಡುಕುವವರಿಗಿಂತ ಮುಂದಿರುತ್ತಾರೆಯೇ ಎಂಬಿವು ಒಂದೊಂದೂ ಸಂಶೋಧನಾ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದಾದ ವಿಷಯಗಳು. ಕನ್ನಡದಲ್ಲಿ ಬರೆದ, ಕನ್ನಡ ಮತ್ತು ತುಳುವಿನ ಹೋಲಿಕೆಗಳಿಂದ ಕೂಡಿದ ಒಂದು ಕಿರು ಕೈಪಿಡಿ ಅದರ ಮೊದಲ ಫಲವಾಗಬಹುದು. ಕಾರ್ಕಳದ ಆ ತರಗತಿಯಲ್ಲಿ ವಿದ್ಯಾರ್ಥಿನಿಗೆ ನಾವು ಕೊಡಬೇಕಾಗಿದ್ದ ಉತ್ತರ ಹೀಗಿರಬೇಕಿತ್ತು: ‘ನೀನು ಓದಿದ್ದು ಸರಿ. ಪರೀಕ್ಷೆ ಕೇಳುವುದು ಇನ್ನೊಂದು ರೂಢಿಯನ್ನು. ಎರಡನ್ನೂ ಬರೆದಿಟ್ಟುಕೊ.’ ಅಷ್ಟನ್ನು ಹೇಳಲು 40 ಸೆಕೆಂಡು ಸಾಕಾಗುತ್ತಿತ್ತು.